ಸಣ್ಣ ಡೀಸೆಲ್ ಎಂಜಿನ್ ಭಾರ ಎಳೆದೀತೇ? ಪಿಕಪ್ ಮಾಲೀಕರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನ ಬಳಿ 18 ವರ್ಷದ ಹಳೆಯ ಪಿಕಪ್ ಇದೆ. ಅದರಲ್ಲಿರುವುದು 2.5 ಲೀಟರ್‌ನ, ಟರ್ಬೊ ಇಲ್ಲದ, ಮೆಕ್ಯಾನಿಕಲ್ ಪಂಪಿನ ಡೀಸೆಲ್ ಎಂಜಿನ್. ಈಗ ಹೊಗೆ ಹೆಚ್ಚಾಗಿದೆ, ಆಯಿಲ್ ಕುಡಿಯಲು ಶುರುಮಾಡಿದೆ. ವಾರದಲ್ಲಿ ನಾಲ್ಕು ದಿನ ಪಟ್ಟಣದೊಳಗೆ ಸುಮಾರು 1,000 ಕೆ.ಜಿ. ಸರಕು ಹಂಚುತ್ತೇನೆ; 35 ಕಿ.ಮೀ. ಓಟದಲ್ಲಿ ನಲವತ್ತು ಕಡೆ ನಿಲ್ಲಿಸಬೇಕು. ಇನ್ನೆರಡು ದಿನ 180 ಕಿ.ಮೀ. ದೂರದ ಪ್ರಯಾಣ, ಅದರಲ್ಲಿ ಉದ್ದದ ಏರು ಇದೆ. ಅಪರೂಪಕ್ಕೆ ಲೋಡು ಒಂದೂವರೆ ಪಟ್ಟು ಆಗುವುದೂ ಉಂಟು. ಈಗ ಸಿಗುವ 1.5 ಲೀಟರ್ ಟರ್ಬೊ ಎಂಜಿನ್‌ಗಳು ಏರಿನಲ್ಲಿ ಎಳೆಯುವುದಿಲ್ಲ, ಬೇಗ ಸವೆಯುತ್ತವೆ ಎಂದು ಚಾಲಕರು ಹೇಳುತ್ತಾರೆ. ಹಳೆಯ ಎಂಜಿನ್ನನ್ನೇ ಕಟ್ಟಿಸಲೇ, ಜನರೇಟರಿಗೆ ಬಳಸುವಂಥ ಸಣ್ಣ ಎಂಜಿನ್ ಕೂರಿಸಲೇ, ಅಥವಾ ಹೊಸ ವಾಹನ ಕೊಳ್ಳಲೇ? ಹೊಸದು ಕೊಂಡರೆ ಅದನ್ನು ಪಟ್ಟಣದೊಳಗೆ ಮಾತ್ರ ಜೋಪಾನವಾಗಿ ಓಡಿಸಿ, ದೂರದ ಏರಿನ ದಾರಿಗೆ ಹಳೆಯದನ್ನೇ ಇಟ್ಟುಕೊಳ್ಳುವ ಯೋಚನೆಯಿದೆ. ಸೈಲೆನ್ಸರಿನ ಫಿಲ್ಟರ್ ತೆಗೆಸಿಬಿಟ್ಟರೆ ತೊಂದರೆಯೇ ಇರುವುದಿಲ್ಲ ಎಂದೂ ಕೆಲವರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿದ್ದರೂ ಅವೆಲ್ಲದರ ಹಿಂದಿರುವ ಆತಂಕ ಒಂದೇ: ಸಿಸಿ ಕಡಿಮೆಯಾದರೆ ಎಂಜಿನ್ನಿಗೆ ಶಕ್ತಿಯೂ ಆಯಸ್ಸೂ ಕಡಿಮೆಯಾಗುತ್ತವೆಯೇ ಎಂಬುದು. ಡೀಸೆಲ್ ಪಂಪು ಮತ್ತು ಇಂಜೆಕ್ಟರುಗಳ ಕೆಲಸದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದಿರುವ ನಾನು ಇಂಥ ಪ್ರಶ್ನೆ ಬಂದಾಗ ಮೊದಲು ಸಿಸಿಯನ್ನು ಕೇಳುವುದಿಲ್ಲ. ಎಂಜಿನ್ ದಿನಕ್ಕೆ ಎಷ್ಟು ನಿಮಿಷ ಪೂರ್ತಿ ಬಿಸಿಯಾಗಿ, ಎಡೆಬಿಡದೆ ಓಡುತ್ತದೆ ಎಂದು ಕೇಳುತ್ತೇನೆ. ಇಂದಿನ ಸಣ್ಣ ಡೀಸೆಲ್ ಎಂಜಿನ್ನಿನ ಬಾಳಿಕೆ ಬಹುಮಟ್ಟಿಗೆ ಆ ನಿಮಿಷಗಳ ಮೇಲೆಯೇ ನಿಂತಿದೆ. ಈ ದೃಷ್ಟಿಯಿಂದ ನೋಡಿದರೆ, ಹೊಸ ವಾಹನವನ್ನು ಪಟ್ಟಣದೊಳಗೆ ಮಾತ್ರ ಓಡಿಸುವ ನಿಮ್ಮ ಯೋಚನೆಯೇ ಪತ್ರದಲ್ಲಿರುವ ಎಲ್ಲಕ್ಕಿಂತ ಹೆಚ್ಚು ಅಪಾಯದ್ದು. ಅದಕ್ಕೆ ಬರುವ ಮೊದಲು ಎಳೆತದ ವಿಷಯವನ್ನು ಲೆಕ್ಕ ಹಾಕಿ ನೋಡೋಣ.

ನಿಮ್ಮ ವಾಹನದ ಖಾಲಿ ತೂಕ 1,500 ಕೆ.ಜಿ., ಸರಕು 1,000 ಕೆ.ಜಿ. ಎಂದಿಟ್ಟುಕೊಂಡರೆ ಒಟ್ಟು 2,500 ಕೆ.ಜಿ. ಆಗುತ್ತದೆ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಇದನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹತ್ತಿಸಬೇಕಾದರೆ ಏರಿನ ಎಳೆತ, ಟೈರಿನ ಉರುಳು ಪ್ರತಿರೋಧ, ಗಾಳಿಯ ತಡೆ ಇವೆಲ್ಲ ಸೇರಿ ಸುಮಾರು 2,400 ನ್ಯೂಟನ್ ಬಲ ಬೇಕು. ಗೇರ್‌ಬಾಕ್ಸ್ ಮತ್ತು ಆಕ್ಸಲ್‌ಗಳಲ್ಲಿ ಆಗುವ ನಷ್ಟವನ್ನೂ ಸೇರಿಸಿದರೆ ಎಂಜಿನ್ ಕೊಡಬೇಕಾದದ್ದು ಸುಮಾರು 30 ಕಿಲೋವ್ಯಾಟ್, ಅಂದರೆ 40 ಅಶ್ವಶಕ್ತಿ. ಸಮತಟ್ಟಾದ ರಸ್ತೆಯಲ್ಲಿ 80 ಕಿ.ಮೀ. ವೇಗಕ್ಕೆ 26 ಅಶ್ವಶಕ್ತಿಯ ಆಸುಪಾಸು ಸಾಕು. ಟರ್ಬೊ, ಅಂದರೆ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ, ಇಲ್ಲದ ನಿಮ್ಮ 2.5 ಲೀಟರ್ ಎಂಜಿನ್ ಹೊಸದಿದ್ದಾಗಲೂ ಸುಮಾರು 70 ಅಶ್ವಶಕ್ತಿ ಮತ್ತು 145ರಿಂದ 150 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತಿದ್ದಿರಬೇಕು. ಆ ಕಾಲದ, ಆ ಗಾತ್ರದ ಎಂಜಿನ್‌ಗಳೆಲ್ಲ ಹೆಚ್ಚುಕಡಿಮೆ ಅಷ್ಟೇ ಕೊಡುತ್ತಿದ್ದವು. ಹಗುರ ವಾಣಿಜ್ಯ ವಾಹನಕ್ಕೆಂದು ಹೊಂದಿಸಿದ ಈಗಿನ 1.5 ಲೀಟರ್ ಟರ್ಬೊ ಎಂಜಿನ್ ಸಾಮಾನ್ಯವಾಗಿ 75 ಅಶ್ವಶಕ್ತಿ, 200 ನ್ಯೂಟನ್ ಮೀಟರ್ ಕೊಡುತ್ತದೆ. ಆದ್ದರಿಂದ ಓಟದಲ್ಲಿರುವಾಗ ಸಣ್ಣ ಎಂಜಿನ್ ಏರು ಹತ್ತುವುದಿಲ್ಲ ಎಂಬ ಮಾತು ನಿಜವಲ್ಲ.

ಹಾಗೆಂದು ನಿಮ್ಮ ಚಾಲಕರು ಸುಳ್ಳು ಹೇಳುತ್ತಿಲ್ಲ. ಅವರ ಕಾಲಿಗೆ ತಿಳಿಯುವ ಕೊರತೆ ಬೇರೆ ಜಾಗದಲ್ಲಿದೆ. ಅದು ಲೋಡಿನೊಂದಿಗೆ ಏರಿನಲ್ಲಿ ನಿಂತ ಗಾಡಿಯನ್ನು ಎಬ್ಬಿಸುವ ಕ್ಷಣ. ಟರ್ಬೊ ಕೆಲಸಕ್ಕೆ ಬರುವುದು ಸಾಮಾನ್ಯವಾಗಿ ನಿಮಿಷಕ್ಕೆ 1,500 ಸುತ್ತುಗಳ ನಂತರ. ಅದಕ್ಕಿಂತ ಕೆಳಗೆ, ಸಾವಿರ ಸುತ್ತುಗಳ ಹತ್ತಿರ, 1.5 ಲೀಟರ್ ಎಂಜಿನ್ ಎಂದರೆ ಬರಿಯ 1.5 ಲೀಟರ್ ಎಂಜಿನ್ನೇ. ಆಗ ಅದರಿಂದ ಸಿಗುವುದು 90ರಿಂದ 100 ನ್ಯೂಟನ್ ಮೀಟರ್. ಅದೇ ವೇಗದಲ್ಲಿ ಹಳೆಯ 2.5 ಲೀಟರ್ ಎಂಜಿನ್ ಸುಮಾರು 125 ಕೊಡುತ್ತದೆ. ನೂರಕ್ಕೆ ಹದಿನಾರರ ಕಡಿದಾದ ಏರಿನಲ್ಲಿ, ಮೊದಲ ಗೇರಿನ ಅನುಪಾತ 4.2 ಮತ್ತು ಹಿಂದಿನ ಆಕ್ಸಲ್‌ನದು 4.1 ಇರುವ ವಾಹನವನ್ನು 2,500 ಕೆ.ಜಿ. ತೂಕದೊಂದಿಗೆ ಎಬ್ಬಿಸಲು ಎಂಜಿನ್ನಿನಿಂದ ಸುಮಾರು 87 ನ್ಯೂಟನ್ ಮೀಟರ್ ಬೇಕು. ನೀವು ಹೇಳಿದ ಒಂದೂವರೆ ಪಟ್ಟು ಲೋಡಿನಲ್ಲಿ ಒಟ್ಟು ತೂಕ 3,000 ಕೆ.ಜಿ. ಆಗಿ, ಈ ಅಗತ್ಯ 105ಕ್ಕೆ ಏರುತ್ತದೆ. ಮೊದಲ ಲೆಕ್ಕದಲ್ಲಿ ಸಣ್ಣ ಎಂಜಿನ್ ಕಷ್ಟದಿಂದಾದರೂ ಎದ್ದು ಹೊರಡುತ್ತದೆ, ಎರಡನೆಯದರಲ್ಲಿ ಏಳುವುದಿಲ್ಲ. ಚಾಲಕ ಆಕ್ಸಲರೇಟರ್ ಒತ್ತಿ, ಕ್ಲಚ್ಚನ್ನು ಅರ್ಧ ಬಿಟ್ಟು, ಟರ್ಬೊ ಬರುವವರೆಗೆ ಉಜ್ಜಿಸುತ್ತಾನೆ. ಎಂಜಿನ್ನಿನ ಕೊರತೆಗೆ ದಂಡ ತೆರುವುದು ಕ್ಲಚ್ ಪ್ಲೇಟು. ಆದ್ದರಿಂದ ಸಣ್ಣ ಎಂಜಿನ್ನಿನ ವಾಹನ ನೋಡುವಾಗ ಟಾರ್ಕಿನ ಗರಿಷ್ಠ ಅಂಕಿಯನ್ನಷ್ಟೇ ನೋಡಿ ತೃಪ್ತರಾಗಬಾರದು. ಮೊದಲ ಗೇರಿನ ಅನುಪಾತವನ್ನು ಆಕ್ಸಲ್ ಅನುಪಾತದಿಂದ ಗುಣಿಸಿ ನೋಡಿ. ಈ ಉದಾಹರಣೆಯಲ್ಲಿ ಅದು 17ರ ಆಸುಪಾಸು ಬರುತ್ತದೆ. 20ರ ಹತ್ತಿರ ಇದ್ದರೆ ಇದೇ ಸಣ್ಣ ಎಂಜಿನ್ ಅದೇ ಏರಿನಲ್ಲಿ ಬೇರೆಯದೇ ಎಂಜಿನ್ನಿನಂತೆ ನಡೆದುಕೊಳ್ಳುತ್ತದೆ.

ಒಂದೇ ವಾಹನಕ್ಕೆ ಸಣ್ಣ ಮತ್ತು ದೊಡ್ಡ ಎಂಜಿನ್ ಎರಡನ್ನೂ ಕೊಟ್ಟ ಉದಾಹರಣೆಯನ್ನು ನೋಡಿದರೆ ಈ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಇಸುಜು ಡಿ-ಮ್ಯಾಕ್ಸ್ ಪಿಕಪ್ಪಿನಲ್ಲಿ 1.9 ಲೀಟರ್ ಎಂಜಿನ್ 150 ಅಶ್ವಶಕ್ತಿ, 350 ನ್ಯೂಟನ್ ಮೀಟರ್ ಕೊಟ್ಟರೆ, 3.0 ಲೀಟರ್ ಎಂಜಿನ್ 190 ಅಶ್ವಶಕ್ತಿ, 450 ನ್ಯೂಟನ್ ಮೀಟರ್ ಕೊಡುತ್ತದೆ. ಗಾತ್ರ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತಗ್ಗಿದೆ. ಎಳೆತ ತಗ್ಗಿರುವುದು ನಾಲ್ಕನೆಯ ಒಂದು ಭಾಗಕ್ಕಿಂತ ಕಡಿಮೆ. ಇನ್ನೊಂದು ಕಡೆ ಫೋಕ್ಸ್‌ವ್ಯಾಗನ್ 2010ರಲ್ಲಿ ಅಮರೋಕ್ ಪಿಕಪ್ಪನ್ನು ಎರಡು ಟರ್ಬೊಗಳ 2.0 ಲೀಟರ್ ಎಂಜಿನ್ನಿನೊಂದಿಗೆ ತಂದು, 2016ರಲ್ಲಿ 3.0 ಲೀಟರ್‌ನ ಆರು ಸಿಲಿಂಡರ್ ಎಂಜಿನ್ನನ್ನೂ ಕೊಟ್ಟಿತು. ಭಾರೀ ಟ್ರೇಲರ್ ಎಳೆಯುವವರಿಗೆ ದೊಡ್ಡ ಎಂಜಿನ್ನಿನ ಸಮಾಧಾನ ಇಂದಿಗೂ ಬೇಕು, ಅದರಲ್ಲಿ ತಪ್ಪೇನೂ ಇಲ್ಲ. ಒಂದು ಟನ್ ಸರಕಿಗೆ ಅದು ಅನಿವಾರ್ಯವಲ್ಲ.

ಇನ್ನು ಸವೆತ. ಹಳೆಯ ಎಂಜಿನ್ 2.5 ಲೀಟರಿನಿಂದ 150 ನ್ಯೂಟನ್ ಮೀಟರ್ ತೆಗೆಯುತ್ತಿದ್ದಾಗ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೆ ಬೀಳುತ್ತಿದ್ದ ಸರಾಸರಿ ಪರಿಣಾಮಕಾರಿ ಒತ್ತಡ ಸುಮಾರು 7.5 ಬಾರ್. 1.5 ಲೀಟರಿನಿಂದ 200 ತೆಗೆಯುವ ಎಂಜಿನ್ನಿನಲ್ಲಿ ಅದು 17 ಬಾರ್ ಹತ್ತಿರ, ಅಂದರೆ ಎರಡು ಪಟ್ಟಿಗಿಂತ ಹೆಚ್ಚು. ಈ ಒತ್ತಡವನ್ನು ತಾಳುವಂತೆಯೇ ಅದರ ಕ್ರ್ಯಾಂಕ್, ಬೇರಿಂಗ್ ಮತ್ತು ಪಿಸ್ಟನ್‌ಗಳನ್ನು ಮಾಡಿರುತ್ತಾರೆ. ಪಿಸ್ಟನ್ನಿನ ತಳಕ್ಕೆ ಆಯಿಲ್ ಚಿಮ್ಮಿಸಿ ತಣಿಸುವ ವ್ಯವಸ್ಥೆಯೂ ಇರುತ್ತದೆ. ಆದ್ದರಿಂದ ಗಾತ್ರ ಸಣ್ಣದೆಂಬ ಒಂದೇ ಕಾರಣಕ್ಕೆ ಅದು ಬೇಗ ಸಾಯುವುದಿಲ್ಲ. 2003ರಲ್ಲಿ ಬಂದ ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್ ಎಂಜಿನ್ ಕೇವಲ 1,248 ಸಿಸಿಯದು; ಹಲವು ಕಂಪನಿಗಳ ಕಾರು ಮತ್ತು ಸಣ್ಣ ವ್ಯಾನುಗಳಲ್ಲಿ ವರ್ಷಾನುಗಟ್ಟಲೆ ದುಡಿದಿದೆ. ಆದರೆ ಒಂದು ಮಾತನ್ನು ಮುಚ್ಚಿಡಬಾರದು: ಹಳೆಯ ಎಂಜಿನ್ ನಿರ್ಲಕ್ಷ್ಯವನ್ನು ಸಹಿಸುತ್ತಿತ್ತು, ಹೊಸದು ಸಹಿಸುವುದಿಲ್ಲ. ಆಯಿಲ್ ಬದಲಾವಣೆ ಎರಡು ತಿಂಗಳು ತಡವಾದರೂ ಹಳೆಯದು ಗೊಣಗದೆ ಓಡುತ್ತಿತ್ತು. ಹೊಸದರಲ್ಲಿ ಕಡಿಮೆ ಪ್ರಮಾಣದ ಆಯಿಲ್ ಹೆಚ್ಚು ಬಿಸಿಯನ್ನು ಹೊರುತ್ತಿರುತ್ತದೆ, ಅದೇ ಆಯಿಲ್ ನಿಮಿಷಕ್ಕೆ ಎರಡು ಲಕ್ಷ ಸುತ್ತುಗಳಷ್ಟು ತಿರುಗಬಲ್ಲ ಟರ್ಬೊ ಶಾಫ್ಟಿಗೂ ಆಸರೆಯಾಗಿರುತ್ತದೆ. ಟರ್ಬೊ ಬಾಳಿಕೆ ಬರುವುದಿಲ್ಲ ಎಂದು ನನ್ನ ಬಳಿ ತಂದ ವಾಹನಗಳಲ್ಲಿ ಬಹುಪಾಲಿನವುಗಳ ಟರ್ಬೊ ತಾನಾಗಿ ಕೆಟ್ಟಿರಲಿಲ್ಲ; ಅದಕ್ಕೆ ಆಯಿಲ್ ಒಯ್ಯುವ ಸಣ್ಣ ಪೈಪಿನಲ್ಲಿ ಕರಿ ಕಟ್ಟಿ ಆಯಿಲ್ ತಲುಪದೆ ಹೋಗಿತ್ತು. ಏರು ಹತ್ತಿ ಬಂದ ಕೂಡಲೆ ಕೀ ತಿರುಗಿಸಿ ಎಂಜಿನ್ ನಿಲ್ಲಿಸದೆ ಒಂದು ನಿಮಿಷ ಹಾಗೆಯೇ ಓಡಲು ಬಿಡುವ ಹಳೆಯ ಅಭ್ಯಾಸ ಈಗಲೂ ಒಳ್ಳೆಯದೇ.

ಈಗ ನಾನು ಮುಖ್ಯವೆಂದು ಹೇಳಿದ ವಿಷಯಕ್ಕೆ ಬರುತ್ತೇನೆ. ಯುರೋ 6 ಮಟ್ಟದ ಹೊರಸೂಸುವಿಕೆ ನಿಯಮಗಳಿಗೆ ಹೊಂದುವ ಡೀಸೆಲ್ ವಾಹನಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಇರುತ್ತದೆ. ಜೇನುಗೂಡಿನಂತೆ ಸಾಲುಸಾಲು ರಂಧ್ರಗಳಿರುವ ಪಿಂಗಾಣಿಯ ದಿಮ್ಮಿ ಅದು. ಒಂದು ರಂಧ್ರದ ಮುಂಬಾಗಿಲು ಮುಚ್ಚಿದ್ದರೆ ಪಕ್ಕದ್ದರ ಹಿಂಬಾಗಿಲು ಮುಚ್ಚಿರುತ್ತದೆ, ಹಾಗಾಗಿ ಹೊಗೆ ಗೋಡೆಯನ್ನು ತೂರಿಕೊಂಡೇ ಹೋಗಬೇಕು, ಮಸಿ ಒಳಗೇ ಉಳಿಯಬೇಕು. ಉಳಿದ ಮಸಿಯನ್ನು ಆಗಾಗ ಸುಡಬೇಕು. ಹೆದ್ದಾರಿಯಲ್ಲಿ ಲೋಡಿನೊಂದಿಗೆ ಓಡುವಾಗ ಹೊಗೆಯೇ ಬಿಸಿಯಿರುವುದರಿಂದ ಮಸಿಯಲ್ಲಿ ಒಂದಷ್ಟು ತಾನಾಗಿ ಉರಿದುಹೋಗುತ್ತದೆ. ಹಾಗಾಗದೆ ತುಂಬುತ್ತ ಬಂದಾಗ ಎಂಜಿನ್ನಿನ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಕೊಟ್ಟು ಫಿಲ್ಟರನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಮಸಿಯನ್ನು ಸುಡುತ್ತದೆ. ಇದಕ್ಕೆ ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತು ನಿಮಿಷಗಳ ಎಡೆಬಿಡದ ಓಟ ಬೇಕು.

ನಿಮ್ಮ ಪಟ್ಟಣದ ದಿನವನ್ನು ಇದರ ಪಕ್ಕದಲ್ಲಿಟ್ಟು ನೋಡಿ. 35 ಕಿ.ಮೀ., ನಲವತ್ತು ನಿಲುಗಡೆ; ಒಂದು ನಿಲುಗಡೆಯಿಂದ ಇನ್ನೊಂದಕ್ಕೆ ಒಂದು ಕಿಲೋಮೀಟರಿಗಿಂತಲೂ ಕಡಿಮೆ. ಕಂಪ್ಯೂಟರ್ ಸುಡುವ ಕೆಲಸ ಶುರುಮಾಡುತ್ತದೆ, ಎರಡು ನಿಮಿಷಕ್ಕೆ ಚಾಲಕ ಎಂಜಿನ್ ಆರಿಸುತ್ತಾನೆ. ಮತ್ತೆ ಶುರು, ಮತ್ತೆ ನಿಲುಗಡೆ. ಬಹಳಷ್ಟು ಎಂಜಿನ್‌ಗಳಲ್ಲಿ ಆ ಹೆಚ್ಚುವರಿ ಡೀಸೆಲನ್ನು ಸಿಲಿಂಡರಿನೊಳಗಿನ ಅದೇ ಇಂಜೆಕ್ಟರ್, ದಹನ ಮುಗಿದ ಮೇಲೆ ತಡವಾಗಿ ಸಿಂಪಡಿಸುತ್ತದೆ. ಅದರಲ್ಲಿ ಒಂದಿಷ್ಟು ಬೋರಿನ ಗೋಡೆಗೆ ಬಡಿದು, ಆಯಿಲ್ ಪದರವನ್ನು ತೊಳೆದುಕೊಂಡು, ರಿಂಗುಗಳ ಸಂದಿಯಿಂದ ಕೆಳಗಿಳಿದು ಆಯಿಲ್ ಚೇಂಬರ್ ಸೇರುತ್ತದೆ.

ಒಂದು ದಿನ ಬೆಳಿಗ್ಗೆ ಸರಕು ಹಂಚುವ ವಾಹನವೊಂದನ್ನು ಅದರ ಮಾಲೀಕರು ನನ್ನ ಬಳಿ ತಂದರು. ಎರಡು ವರ್ಷವೂ ತುಂಬಿರಲಿಲ್ಲ. ಅವರು ಹೆಮ್ಮೆಯಿಂದ ಹೇಳಿದ ಮಾತು ನೆನಪಿದೆ: "ಒಂದು ತೊಟ್ಟು ಆಯಿಲ್ ಕುಡಿದಿಲ್ಲ, ಬದಲಿಗೆ ಹೆಚ್ಚೇ ಆಗಿದೆ." ನಾನು ಅಳತೆ ಕಡ್ಡಿಯನ್ನು ಎಳೆದು ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಿ ತೆಗೆದೆ. ಮೇಲಿನ ಗೆರೆಯನ್ನು ದಾಟಿ ಎರಡು ಬೆರಳಿನಷ್ಟು ಒದ್ದೆಯಿತ್ತು. ಕಡ್ಡಿಯ ತುದಿಯಿಂದ ಆಯಿಲ್ ಎಳೆಯಾಗಿ ಇಳಿಯಬೇಕಿತ್ತು. ಅದು ಹನಿಹನಿಯಾಗಿ ನೀರಿನಂತೆ ಉದುರಿತು. ಬೆರಳುಗಳ ನಡುವೆ ತಿಕ್ಕಿದರೆ ಜಿಡ್ಡೇ ಇಲ್ಲ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಆಯಿಲ್ ಚೇಂಬರ್ ಬಿಚ್ಚಿದಾಗ ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯ ಬೇರಿಂಗುಗಳ ಮೇಲ್ಪದರ ಹೋಗಿ ತಾಮ್ರದ ಬಣ್ಣ ಕಾಣಿಸುತ್ತಿತ್ತು. ಆ ಎಂಜಿನ್ ಭಾರ ಎಳೆದು ಸವೆದದ್ದಲ್ಲ. ಅದಕ್ಕೆ ಭಾರ ಎಳೆಯುವ ಅವಕಾಶವೇ ಸಿಕ್ಕಿರಲಿಲ್ಲ. ಅಂದಿನಿಂದ ನಾನು ಪ್ರತಿಯೊಬ್ಬ ಮಾಲೀಕರಿಗೂ ಹೇಳುತ್ತಿದ್ದೇನೆ: ಆಯಿಲ್ ಮಟ್ಟ ಇಳಿದರೆ ಎಷ್ಟು ಗಾಬರಿಯಾಗುತ್ತೀರೋ ಏರಿದರೂ ಅಷ್ಟೇ ಗಾಬರಿಯಾಗಿ.

ಹೊಸದನ್ನು ಪಟ್ಟಣಕ್ಕೆ, ಹಳೆಯದನ್ನು ದೂರಕ್ಕೆ ಎಂಬ ನಿಮ್ಮ ಏರ್ಪಾಡು ಬೇಡ ಎನ್ನುವುದು ಇದಕ್ಕಾಗಿಯೇ. ನಿಮ್ಮ ವಾರದಲ್ಲಿರುವ ಎರಡು ದೂರದ ಪ್ರಯಾಣಗಳು ಹೊಸ ಎಂಜಿನ್ನಿಗೆ ಶಿಕ್ಷೆಯಲ್ಲ, ಔಷಧಿ. 180 ಕಿ.ಮೀ. ಓಟದಲ್ಲಿ, ಅದರಲ್ಲೂ ಏರಿನ ಲೋಡಿನಲ್ಲಿ, ಫಿಲ್ಟರ್ ಚೆನ್ನಾಗಿ ಕಾದು ಮಸಿ ಉರಿಯುತ್ತದೆ, ಆಯಿಲ್ ಬಿಸಿಯಾಗಿ ಅದರೊಳಗಿನ ತೇವ ಮತ್ತು ಡೀಸೆಲಿನ ಒಂದಂಶ ಆವಿಯಾಗುತ್ತದೆ. ನಾಲ್ಕು ದಿನದ ಪಟ್ಟಣದ ಓಟದ ನಡುವೆ ಎರಡು ದಿನ ಇಂಥ ಓಟ ಸಿಗುವುದು ನಿಜಕ್ಕೂ ನಿಮ್ಮ ಅದೃಷ್ಟ. ದೂರದ ಪ್ರಯಾಣಗಳನ್ನು ವಾರದ ಕೊನೆಗೆ ಒಟ್ಟಿಗೆ ಇಡದೆ, ಎರಡು ದಿನ ಪಟ್ಟಣ, ಒಂದು ದಿನ ದೂರ ಎಂದು ಹಂಚಿಕೊಂಡರೆ ಇನ್ನೂ ಒಳ್ಳೆಯದು. ಹೀಗಾಗಿ ಒಂದೇ ಹೊಸ ವಾಹನ ಎರಡೂ ಕೆಲಸ ಮಾಡಲಿ.

ಫಿಲ್ಟರ್ ತೆಗೆಸಿಬಿಡುವ ಸಲಹೆಯ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಮಾಡಿಸಬೇಡಿ. ಹಲವು ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಗುತ್ತದೆ. ತಾಂತ್ರಿಕವಾಗಿಯೂ ಅದು ಪರಿಹಾರವಲ್ಲ. ಫಿಲ್ಟರ್ ಬೇಗ ತುಂಬುತ್ತಿದೆ ಎಂದರೆ ಇಂಜೆಕ್ಟರ್ ಸೋರುತ್ತಿರಬಹುದು, ಹೊಗೆಯನ್ನು ಮತ್ತೆ ಎಂಜಿನ್ನಿಗೆ ತಿರುಗಿಸುವ ಇಜಿಆರ್ ವಾಲ್ವ್ ಸಿಕ್ಕಿಕೊಂಡಿರಬಹುದು, ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಪೈಪು ಒಡೆದು ಗಾಳಿ ಕಡಿಮೆಯಾಗಿರಬಹುದು. ಫಿಲ್ಟರ್ ಇದ್ದರೆ ಆ ದೋಷ ದೀಪ ಉರಿಸಿ ತಿಳಿಸುತ್ತದೆ. ತೆಗೆಸಿದರೆ ದೋಷ ಹಾಗೆಯೇ ಒಳಗೆ ಬೆಳೆಯುತ್ತದೆ. ಇದಕ್ಕಿಂತ ಮುಖ್ಯವಾದ ಕಾರಣ ಒಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿನ ವಸ್ತುಗಳ ಸಾಲಿಗೆ ಸೇರಿಸಿತು. ನಲವತ್ತು ನಿಲುಗಡೆಗಳಲ್ಲಿ ಗಾಡಿಯ ಹಿಂಬದಿಯಲ್ಲಿ ನಿಂತು ಸರಕು ಇಳಿಸುವವರು ನಿಮ್ಮವರೇ.

ಈಗ ನಿಮ್ಮ ಮುಂದಿರುವ ದಾರಿಗಳು. ಹಳೆಯ ಎಂಜಿನ್ನನ್ನು ಕಟ್ಟಿಸುವುದು ಮೊದಲನೆಯದು. ಬೋರ್ ಕೊರೆಸಿ ಅಥವಾ ಲೈನರ್ ಬದಲಿಸಿ, ಪಿಸ್ಟನ್, ರಿಂಗು, ಬೇರಿಂಗು ಹಾಕಿಸಿ, ಹೆಡ್ ಕೆಲಸ ಮಾಡಿಸಿ, ಪಂಪು ಮತ್ತು ನಾಝಲ್ ಪರೀಕ್ಷಿಸಿದರೆ ಆ ಎಂಜಿನ್ ಮತ್ತೆ ವರ್ಷಗಟ್ಟಲೆ ಓಡುತ್ತದೆ, ಇದರಲ್ಲಿ ನನಗೆ ಸಂಶಯವಿಲ್ಲ. ನಾಝಲ್ ತೆರೆಯುವ ಒತ್ತಡ ನೂರಾರು ಬಾರ್‌ಗಳಲ್ಲಷ್ಟೇ ಇದ್ದ ಕಾಲದ ಯಂತ್ರ ಅದು. ಯಾವ ಊರಿನ ಮೆಕ್ಯಾನಿಕ್ ಆದರೂ ಬಿಚ್ಚಿ ಜೋಡಿಸಬಲ್ಲ. ಆದರೆ ಹಳೆಯ ಎಂಜಿನ್‌ಗಳು ಎಂಥ ಡೀಸೆಲನ್ನಾದರೂ ಕುಡಿದು ಬದುಕುತ್ತವೆ ಎಂಬ ಮಾತನ್ನು ನಂಬಬೇಡಿ. ಅವುಗಳ ರೋಟರಿ ಪಂಪು ತನ್ನೊಳಗೆ ಹರಿಯುವ ಡೀಸೆಲಿನಿಂದಲೇ ಜಿಡ್ಡು ಪಡೆಯುತ್ತದೆ. ನೀರು ಸೇರಿದರೆ ಅದೂ ಉಳಿಯುವುದಿಲ್ಲ. ಗೇರ್‌ಬಾಕ್ಸ್, ಚಾಸಿ, ಬ್ರೇಕುಗಳಿಗೂ 18 ವರ್ಷವಾಗಿದೆ ಎಂಬುದು ನೆನಪಿರಲಿ. ಹಳೆಯ ಡೀಸೆಲ್ ವಾಹನಗಳಿಗೆ ಪ್ರವೇಶ ನಿರ್ಬಂಧಿಸುವ ನಗರಗಳೂ ಹೆಚ್ಚುತ್ತಿವೆ. ಎರಡು ಮೂರು ವರ್ಷ ದೂಡಬೇಕಾದ ಪರಿಸ್ಥಿತಿ ಇದ್ದರೆ ಮಾತ್ರ ಇದನ್ನು ಆರಿಸಿ.

ಜನರೇಟರ್ ಎಂಜಿನ್ ಕೂರಿಸುವ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಆ ಎಂಜಿನ್‌ಗಳು ಒಂದೇ ವೇಗದಲ್ಲಿ ಗಂಟೆಗಟ್ಟಲೆ ದುಡಿಯಲು ಮಾಡಿದವು, ಹೆಚ್ಚಿನವು 3,000 ಸುತ್ತುಗಳನ್ನು ದಾಟುವುದಿಲ್ಲ. ನಿಮ್ಮ ಆಕ್ಸಲ್ ಅನುಪಾತವಾದರೋ 4,000 ಸುತ್ತುಗಳ ಎಂಜಿನ್ನಿಗೆ ಹೊಂದಿಸಿದ್ದು. 4,000ಕ್ಕೆ 120 ಕಿ.ಮೀ. ಹೋಗುತ್ತಿದ್ದ ಗಾಡಿ 3,000ಕ್ಕೆ 90 ಕಿ.ಮೀ.ಗೆ ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಬ್ರೇಕಿನಲ್ಲಿದೆ. ಪೆಟ್ರೋಲ್ ಎಂಜಿನ್ನಿನ ಗಾಳಿ ಕೊಳವೆಯಲ್ಲಿ ಹುಟ್ಟುವಂಥ ನಿರ್ವಾತ ಡೀಸೆಲ್ ಎಂಜಿನ್ನಿನಲ್ಲಿ ಇರುವುದಿಲ್ಲ. ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತಕ್ಕೆಂದೇ ಆಲ್ಟರ್ನೇಟರಿನ ಹಿಂದೆಯೋ ಕ್ಯಾಮ್‌ಶಾಫ್ಟಿನ ತುದಿಯಲ್ಲೋ ಒಂದು ವ್ಯಾಕ್ಯೂಮ್ ಪಂಪ್ ಇರುತ್ತದೆ. ಜನರೇಟರಿಗೆ ಬ್ರೇಕ್ ಇಲ್ಲವಾದ್ದರಿಂದ ಅದರ ಎಂಜಿನ್ನಿನಲ್ಲಿ ಈ ಪಂಪೂ ಇರುವುದಿಲ್ಲ. ಹೀಗೆ ಎಂಜಿನ್ ಬದಲಿಸಿದ ವಾಹನವೊಂದನ್ನು ನಾನೇ ಅಂಗಳದಲ್ಲಿ ಓಡಿಸಿ ನೋಡಿದ್ದೇನೆ. ಮೊದಲೆರಡು ಬಾರಿ ಪೆಡಲ್ ಸರಿಯಾಗಿತ್ತು, ಮೂರನೆಯ ಬಾರಿಗೆ ಕಲ್ಲಾಗಿ ನಿಂತಿತು. ಖಾಲಿ ಗಾಡಿಯಾದ್ದರಿಂದ ಹ್ಯಾಂಡ್ ಬ್ರೇಕಿನಲ್ಲಿ ನಿಂತೆ. ಒಂದು ಟನ್ ಹೊತ್ತು ಇಳಿಜಾರಿನಲ್ಲಿದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ಮನಸ್ಸು ಬರುವುದಿಲ್ಲ. ವಾಹನಗಳಿಗೆಂದೇ ತಯಾರಿಸಿದ ಬದಲಿ ಎಂಜಿನ್‌ಗಳು ಇಲ್ಲವೆಂದಲ್ಲ. ಕಮಿನ್ಸ್ 2017ರಲ್ಲಿ ತಂದ 161 ಅಶ್ವಶಕ್ತಿಯ ಆರ್2.8 ಎಂಜಿನ್ ವೈರಿಂಗು, ಕಂಪ್ಯೂಟರು ಸಮೇತ ಬರುವಂಥದ್ದಾಗಿತ್ತು. ಅಂಥದ್ದಕ್ಕೂ ಮುಂದಿನ ಆಕ್ಸಲ್ ಮೇಲಿನ ತೂಕ, ರೇಡಿಯೇಟರು, ಗೇರ್‌ಬಾಕ್ಸಿನ ತಾಳಿಕೆ, ನೋಂದಣಿ, ವಿಮೆ ಎಲ್ಲವನ್ನೂ ಹೊಂದಿಸಬೇಕು. ಹವ್ಯಾಸಕ್ಕೆ ಅದು ಸರಿ. ದಿನದ ದುಡಿಮೆಯ ಗಾಡಿಗೆ ಸರಿಯಲ್ಲ.

ಎರಡು ಸಿಲಿಂಡರಿನ ಪುಟ್ಟ ಡೀಸೆಲ್‌ಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. 2005ರಲ್ಲಿ ಬಂದ ಟಾಟಾ ಏಸ್‌ನ 702 ಸಿಸಿ ಎಂಜಿನ್, ಕಾರಿನಲ್ಲಿದ್ದ 1.4 ಲೀಟರ್ ನಾಲ್ಕು ಸಿಲಿಂಡರ್ ಎಂಜಿನ್ನಿನ ಅರ್ಧ ಭಾಗದಂತೆ ರೂಪುಗೊಂಡು, ಕೇವಲ 16 ಅಶ್ವಶಕ್ತಿಯಲ್ಲಿ ಒಂದು ಹೊಸ ಬಗೆಯ ವಾಹನವನ್ನೇ ಹುಟ್ಟುಹಾಕಿತು. ಕೆಲಸಕ್ಕೆ ತಕ್ಕ ಎಂಜಿನ್ ಎಂದರೇನು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಆದರೆ ಅದು ಹೊರಬೇಕಿದ್ದ ಒಟ್ಟು ತೂಕ ನಿಮ್ಮದಕ್ಕಿಂತ ಒಂದು ಟನ್ನಿನಷ್ಟು ಕಡಿಮೆ. ನಿಮ್ಮ ಏರಿಗೆ ಆ ವರ್ಗ ಸಾಲದು.

ಉಳಿಯುವುದು 1.5 ಲೀಟರ್ ವರ್ಗ ಮತ್ತು 2ರಿಂದ 2.8 ಲೀಟರ್ ವರ್ಗ. ಸರಕು ಎಂದೂ 1,000 ಕೆ.ಜಿ. ಮೀರುವುದಿಲ್ಲ ಎಂದು ನೀವು ಬರೆದಿದ್ದರೆ ನಾನು ಹಿಂಜರಿಯದೆ 1.5 ಲೀಟರ್‌ನದನ್ನೇ ಸೂಚಿಸುತ್ತಿದ್ದೆ. ಪಟ್ಟಣದ ಓಟದಲ್ಲಿ ಸಣ್ಣ ಎಂಜಿನ್ ಬೇಗ ಬಿಸಿಯಾಗುತ್ತದೆ, ಸ್ವಲ್ಪ ಲೋಡಿಗೂ ಅದರ ಹೊಗೆ ಬೇಗ ಕಾಯುತ್ತದೆ. ಫಿಲ್ಟರಿನ ದೃಷ್ಟಿಯಿಂದ ಇದು ಲಾಭ. ಆದರೆ ಒಂದೂವರೆ ಪಟ್ಟು ಲೋಡಿನ ಮಾತು ನೀವೇ ಬರೆದಿದ್ದೀರಿ. ವಾಹನದ ನೋಂದಾಯಿತ ಒಟ್ಟು ತೂಕವನ್ನು ಮೀರಿ ತುಂಬುವುದಕ್ಕೆ ಯಾವ ಎಂಜಿನ್ನೂ ಉತ್ತರವಲ್ಲ, ಏಕೆಂದರೆ ಏರಿನಲ್ಲಿ ಎಳೆದದ್ದನ್ನು ಇಳಿಜಾರಿನಲ್ಲಿ ಹಿಡಿಯಬೇಕಾದದ್ದು ಬ್ರೇಕು. ಆದ್ದರಿಂದ ಅಪರೂಪಕ್ಕಾದರೂ 1,500 ಕೆ.ಜಿ. ಸಾಗಿಸಲೇಬೇಕಿದ್ದರೆ, ಅಷ್ಟು ತೂಕಕ್ಕೆಂದೇ ಅನುಮತಿ ಪಡೆದ, 2 ಲೀಟರಿಗಿಂತ ದೊಡ್ಡ ಎಂಜಿನ್ನಿನ ಪಿಕಪ್ಪನ್ನು ಕೊಳ್ಳಿ. ಅದು ಖಾಲಿಯಿದ್ದಾಗಲೂ ಹೆಚ್ಚು ತೂಗುತ್ತದೆ, ಪಟ್ಟಣದಲ್ಲಿ ಸ್ವಲ್ಪ ಹೆಚ್ಚು ಡೀಸೆಲ್ ಕುಡಿಯುತ್ತದೆ, ಬಿಸಿಯಾಗಲು ತಡಮಾಡುತ್ತದೆ. ನಿಮ್ಮ ದೂರದ ಪ್ರಯಾಣಗಳು ಈ ಕೊರತೆಯನ್ನು ತುಂಬಿಕೊಡುತ್ತವೆ. ಆ ಪ್ರಯಾಣಗಳು ಮುಂದೆ ನಿಂತುಹೋಗುವ ಸಾಧ್ಯತೆ ಇದ್ದರೆ ಮಾತ್ರ ಡೀಸೆಲ್ಲನ್ನೇ ಬಿಟ್ಟು ವಿದ್ಯುತ್ ಅಥವಾ ಸಿಎನ್‌ಜಿ ವಾಹನದ ಕಡೆ ನೋಡಿ. ದಿನಕ್ಕೆ 35 ಕಿ.ಮೀ. ನಿಂತು ನಿಂತು ಓಡುವ ಕೆಲಸಕ್ಕೆ ಡೀಸೆಲ್ ಈಗ ಸರಿಯಾದ ಆಯ್ಕೆಯಲ್ಲ.

ಕೊಳ್ಳುವ ಮೊದಲು ಕೇಳಬೇಕಾದ ಕೆಲವು ವಿಷಯಗಳಿವೆ. ಮಸಿ ಸುಡುವ ಹೆಚ್ಚುವರಿ ಡೀಸೆಲ್ ಸಿಲಿಂಡರಿನೊಳಗೆ ಬೀಳುತ್ತದೆಯೋ ಅಥವಾ ಹೊಗೆ ಕೊಳವೆಯಲ್ಲಿ ಪ್ರತ್ಯೇಕ ಇಂಜೆಕ್ಟರ್ ಇದೆಯೋ ಕೇಳಿ; ಪ್ರತ್ಯೇಕ ಇಂಜೆಕ್ಟರ್ ಇದ್ದರೆ ಆಯಿಲ್ ತೆಳುವಾಗುವ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ನಿಂತಲ್ಲೇ ಮಸಿ ಸುಡಿಸುವ ಸ್ವಿಚ್ ಇದ್ದರೆ ಸರಕು ಹಂಚುವ ಗಾಡಿಗೆ ಅದು ದೊಡ್ಡ ಅನುಕೂಲ. ಆದರೆ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಿ ಆ ಕೆಲಸ ಮಾಡಬೇಡಿ, ಬೆಂಕಿ ಹತ್ತೀತು. ಟೈಮಿಂಗ್‌ಗೆ, ಅಂದರೆ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸಲು, ಚೈನ್ ಇದೆಯೋ ಬೆಲ್ಟೋ, ಬೆಲ್ಟಾದರೆ ಅದು ಆಯಿಲಿನಲ್ಲಿ ಮುಳುಗಿ ಓಡುವಂಥದ್ದೋ ಎಂಬುದೂ ತಿಳಿದಿರಲಿ. ಆಯಿಲಿನಲ್ಲಿ ಓಡುವ ಬೆಲ್ಟಿಗೆ ಡೀಸೆಲ್ ಬೆರೆತ ಆಯಿಲ್ ಶತ್ರು. ಹೊಗೆಯನ್ನು ಶುದ್ಧಗೊಳಿಸಲು ಯೂರಿಯಾ ದ್ರಾವಣ ಬಳಸುವ ವಾಹನವಾದರೆ ಶೇ. 32.5 ಯೂರಿಯಾ ಇರುವ ಸರಿಯಾದ ದ್ರಾವಣವನ್ನೇ ಹಾಕಿ. ಅದು ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ತೆರೆದಿಟ್ಟರೆ ಹರಳುಗಟ್ಟುತ್ತದೆ. ಮನೆಯಲ್ಲಿ ನೀರು ಬೆರೆಸಿ ಉಳಿಸಲು ಹೋದವರು ಪಂಪನ್ನೇ ಬದಲಿಸಿದ್ದನ್ನು ಕಂಡಿದ್ದೇನೆ.

ಆಯಿಲ್ ವಿಷಯದಲ್ಲಿ ಕೈಪಿಡಿ ಹೇಳಿದ ಕಡಿಮೆ ಬೂದಿಯ ದರ್ಜೆಯನ್ನೇ ಹಾಕಿ. ಮಸಿ ಸುಟ್ಟುಹೋಗುತ್ತದೆ, ಆಯಿಲಿನ ರಾಸಾಯನಿಕಗಳಿಂದ ಬರುವ ಬೂದಿ ಸುಡುವುದಿಲ್ಲ. ಅದು ಫಿಲ್ಟರಿನಲ್ಲಿ ಶಾಶ್ವತವಾಗಿ ಕೂರುತ್ತದೆ. ನಿಮ್ಮ ಬಗೆಯ ಓಟಕ್ಕೆ ಕೈಪಿಡಿಯಲ್ಲಿ "ಕಠಿಣ ಬಳಕೆ" ಎಂದು ಬೇರೆ ಅವಧಿ ಕೊಟ್ಟಿರುತ್ತಾರೆ, ಅದನ್ನೇ ಪಾಲಿಸಿ. ಡೀಸೆಲ್ ಫಿಲ್ಟರಿನ ತಳದ ನೀರನ್ನು ತಪ್ಪದೆ ಬಿಡಿ. ಎರಡು ಸಾವಿರ ಬಾರ್ ಒತ್ತಡದಲ್ಲಿ ಕೆಲಸ ಮಾಡುವ ಇಂಜೆಕ್ಟರಿನೊಳಗಿನ ಸಂದು ಕೆಲವೇ ಮೈಕ್ರಾನ್‌ಗಳಷ್ಟು. ಅಲ್ಲಿಗೆ ತಲುಪಿದ ನೀರಿಗೆ ಕ್ಷಮೆಯಿಲ್ಲ.

ಕೊನೆಯದಾಗಿ, ಖಾಲಿ ಗಾಡಿಯನ್ನು ಓಡಿಸಿ ನೋಡಿ ಒಪ್ಪಬೇಡಿ. ನಿಮ್ಮ ಸರಕನ್ನೇ, ಅನುಮತಿಯಿರುವಷ್ಟು ತೂಕ, ತುಂಬಿ ನಿಮ್ಮ ಏರಿಗೇ ಒಯ್ಯಿರಿ. ಕಡಿದಾದ ಜಾಗದಲ್ಲಿ ಪೂರ್ತಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಮೊದಲ ಗೇರಿನಲ್ಲಿ ನಿಮ್ಮ ಚಾಲಕರಿಂದಲೇ ಎಬ್ಬಿಸಿ. ಹೀಗೆ ಐದು ಬಾರಿ ಮಾಡಿದ ಮೇಲೂ ಕ್ಲಚ್ಚಿನ ಸುಟ್ಟ ವಾಸನೆ ಬರದಿದ್ದರೆ ಆ ಎಂಜಿನ್ ಎಷ್ಟೇ ಸಿಸಿಯದಾಗಿರಲಿ, ನಿಮ್ಮ ಕೆಲಸಕ್ಕೆ ಸಾಕು. ಕೊಂಡ ಮೇಲೆ ಪ್ರತಿ ಸೋಮವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಅಳತೆ ಕಡ್ಡಿ ಎಳೆದು ಮಟ್ಟವನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಏರಿದ್ದರೂ ಬರೆಯಿರಿ, ಇಳಿದಿದ್ದರೂ ಬರೆಯಿರಿ. ಎರಡು ತಿಂಗಳ ಬರಹ ಸೇರಿದಾಗ ಅದನ್ನು ನನಗೆ ಕಳಿಸಿದರೆ, ಆಯಿಲನ್ನು ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು ನಿಮ್ಮ ವಾಹನಕ್ಕೇ ಅನ್ವಯಿಸುವಂತೆ ತಿಳಿಸುತ್ತೇನೆ.